ಮಲಗಿದಾಗಲೇ ಹೆಚ್ಚುವ ಭುಜದ ನೋವು

ಕೈ ಅರ್ಧ ಎತ್ತಿದಾಗ ಭುಜ ಚುಳ್ ಅನ್ನುತ್ತೆ, ರಾತ್ರಿ ಮಲಗಿದಾಗ ನೋವು ಜಾಸ್ತಿಯಾಗುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬಹುಶಃ ರೊಟೇಟರ್ ಕಫ್‌ನ (ಭುಜದ ಕೀಲನ್ನು ಸುತ್ತುವರಿದು ಹಿಡಿದಿಡುವ ಸ್ನಾಯುಗಳ ಗುಂಪು) ಮೇಲ್ಭಾಗದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ದಾರದಂಥ ಭಾಗ, ಕೆರಳಿದೆ. ನೀವು ಹೇಳಿದ ಎರಡೂ ಲಕ್ಷಣ ಅದಕ್ಕೇ ಹೊಂದುತ್ತವೆ. ಹರಿದಿದೆಯೋ ಇಲ್ಲವೋ ಅನ್ನೋದು ಪರೀಕ್ಷೆ ಮಾಡದೆ ಗೊತ್ತಾಗಲ್ಲ.

ಮೊದಲು ನಿದ್ದೆ ಸರಿಮಾಡಿಕೊಳ್ಳಿ. ಅಂಗಾತ ಮಲಗಿ, ಮೊಣಕೈ ಕೆಳಗೆ ಮಡಚಿದ ಟವೆಲ್ ಇಡಿ. ಮೊಣಕೈ ಹಾಸಿಗೆಗೆ ಕುಸಿದರೆ ಭುಜ ಹಿಂದಕ್ಕೆ ಜಗ್ಗುತ್ತೆ. ಮಗ್ಗುಲಾಗಲೇಬೇಕಂದ್ರೆ ನೋವಿಲ್ಲದ ಕಡೆ, ದಿಂಬು ತಬ್ಬಿಕೊಂಡು. ಹಗಲಲ್ಲಿ ಎರಡು ಮೂರು ಸಲ ಬಗ್ಗಿ, ಕೈ ಇಳಿಬಿಟ್ಟು ಮೆಲ್ಲಗೆ ತೂಗಾಡಿಸಿ. ನೋವು ತಗ್ಗಿದ ಮೇಲೆ ಮೊಣಕೈ ಪಕ್ಕೆಗೆ ಆನಿಸಿ, ಮಡಚಿ, ಮುಂಗೈಯ ಹಿಂಬದಿಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ಮರುದಿನ ನೋವು ಏರಿದ್ದರೆ ವ್ಯಾಯಾಮ ಅರ್ಧಕ್ಕಿಳಿಸಿ. ವೈದ್ಯರು ಹೇಳದೆ ಸ್ಲಿಂಗ್ (ಕೈಯನ್ನು ಕುತ್ತಿಗೆಯಿಂದ ತೂಗುಹಾಕುವ ಪಟ್ಟಿ) ಹಾಕಿ ಕೂರಬೇಡಿ, ಭುಜ ಬಿಗಿದುಕೊಳ್ಳುತ್ತೆ.

ಬಿದ್ದ ಮೇಲೆ ಶುರುವಾಗಿ ಕೈ ಎತ್ತೋಕೇ ಆಗ್ತಿಲ್ಲ ಅಂದ್ರೆ ಇದ್ಯಾವುದೂ ಬೇಡ, ಮೂಳೆ ವೈದ್ಯರಿಗೆ ಬೇಗ ತೋರಿಸಿ.