ಜೂಜಿನ ಚಟ ಬಿಡಿಸಲು ತಮ್ಮನಿಗೆ ವಿಆರ್ ಹೆಡ್‌ಸೆಟ್ ತಂದುಕೊಡಲಾ?

ಗದಗಿನಲ್ಲಿರುವ ನಿಮ್ಮ ತಮ್ಮ ಕ್ರಿಕೆಟ್ ಬೆಟ್ಟಿಂಗಿಗೆ ಬಿದ್ದು ಬೈಕನ್ನೂ ಮಾರಿದ್ದಾನೆ, ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದಲ್ಲೇ ನಿಂತಂತೆ ಕಾಣಿಸುವ ಸಾಧನ) ಹಾಕಿ ಜೂಜು ಬಿಡಿಸುವ ವಿಡಿಯೊ ನೋಡಿದೆ, ಒಂದು ತರಿಸಲಾ ಅಂತ ಕೇಳಿದ್ದೀರಿ. ತರಿಸಬೇಡಿ. ಆ ದುಡ್ಡು ಸಾಲಕ್ಕಾದರೂ ಆಗುತ್ತದೆ.

ವಿಡಿಯೊ ಸುಳ್ಳೇನಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಸ್ಟೆಫಾನ್ ಬುಶಾರ್ ಎಂಬ ಮನೋವಿಜ್ಞಾನಿಯ ತಂಡ ಜೂಜಿನ ಯಂತ್ರಗಳಿರುವ ಬಾರು, ಕ್ಯಾಸಿನೊಗಳನ್ನು ವಿಆರ್‌ನಲ್ಲಿ ಕಟ್ಟಿ ಚಿಕಿತ್ಸೆಗೆ ಬಳಸಿದೆ. ಚಟವಿರುವವನನ್ನು ಅಲ್ಲಿ ನಿಲ್ಲಿಸುತ್ತಾರೆ, ಆಡುವ ಆಸೆ ಏರುತ್ತದೆ, ಆಡಲು ಬಿಡುವುದಿಲ್ಲ, ಸ್ವಲ್ಪ ಹೊತ್ತಿಗೆ ಆಸೆ ತಾನಾಗಿಯೇ ಇಳಿಯುತ್ತದೆ. ಇದು ಮಾತುಕತೆಯ ಚಿಕಿತ್ಸೆಯ ಜೊತೆಗೆ ಮಾಡುವ ಅಭ್ಯಾಸ. ಹೆಡ್‌ಸೆಟ್ ಒಂದರಿಂದಲೇ ಏನೂ ಆಗುವುದಿಲ್ಲ.

ನನ್ನ ಕಥೆ ಹೇಳುತ್ತೇನೆ. ನಾನು ಹುಬ್ಬಳ್ಳಿಯವನು, ಒಂಬತ್ತು ವರ್ಷ ಓಸಿ, ಅಂದರೆ ನಂಬರಿಗೆ ದುಡ್ಡು ಕಟ್ಟಿ ಚೀಟಿ ಬರೆಸುವ ಮಟ್ಕಾ, ಆಡಿದವನು. ನನ್ನ ಕೌನ್ಸೆಲರ್ ಹತ್ತಿರ ಒಂದು ಹೆಡ್‌ಸೆಟ್ ಇತ್ತು. ಮೊದಲ ಸಲ ಅದರಲ್ಲಿ ಯಾವುದೋ ವಿದೇಶಿ ಕ್ಯಾಸಿನೊ ತೋರಿಸಿದರು. ಗಾಜಿನ ದೀಪ, ಟಣಟಣ ಅನ್ನುವ ಯಂತ್ರಗಳು. ನನಗೆ ತಲೆ ಸುತ್ತಿ ತಿಂದ ರೊಟ್ಟಿ ಹೊರಗೆ ಬರುವಂತಾಯಿತೇ ಹೊರತು ಆಸೆ ಗೀಸೆ ಏನೂ ಇಲ್ಲ. ಚೀಟಿ ಬರೆಸುವವನಿಗೆ ಕ್ಯಾಸಿನೊ ಯಾಕೆ ಬೇಕು, ಅಲ್ವಾ?

ಆಮೇಲೆ ಅವರೇ ಒಂದು ಉಪಾಯ ಮಾಡಿದರು. ಮದುವೆ ಶೂಟಿಂಗ್ ಮಾಡುವ ಹುಡುಗನೊಬ್ಬನ ಕೈಯಲ್ಲಿ ನಮ್ಮ ಓಣಿಯ ಪಾನ್ ಅಂಗಡಿಯ ಮುಂದೆ, ಸಂಜೆ ಹೊತ್ತಲ್ಲಿ, ಸುತ್ತಲೂ ಕಾಣುವಂಥ ವಿಡಿಯೊ ತೆಗೆಸಿದರು. ಅದನ್ನು ಹಾಕಿಕೊಂಡೆ. ಒಂದು ಆಟೊ ಹಾದುಹೋಯಿತು, ನಂಬರಿನ ಕೊನೆಗೆ 27. ತಕ್ಷಣ ತಲೆಯೊಳಗೆ ಬಂತು: 'ಇವತ್ತು ಜೋಡಿ ಎರಡು-ಏಳು.' "ಈಗ ಏನು ಅನ್ನಿಸಿತು ರೀ?" ಅಂದರು. ಹೇಳಿದೆ. ಕುರ್ಚಿಯಲ್ಲಿ ಕೂತು ಮಾತಾಡುವಾಗ ನಾವೆಲ್ಲ ಶಾಣ್ಯಾರೇ. ಈ ಆಟೊ ನಂಬರಿನ ಹುಚ್ಚು ನನ್ನ ಬಾಯಿಂದ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಆಸೆಗೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಟ್ಟರೆ, ಮೂರಿದ್ದದ್ದು ಎಂಟಾಯಿತು. ನಾಲ್ಕಕ್ಕೆ ಇಳಿಯುವವರೆಗೆ, ಸುಮಾರು ಅರ್ಧ ಗಂಟೆ, ಅವರು ನನ್ನನ್ನು ಏಳಲು ಬಿಡಲಿಲ್ಲ. ಪಾಕೀಟು ಹೊರಗೆ ಕೂತ ನನ್ನ ಹೆಂಡತಿಯ ಬ್ಯಾಗಿನಲ್ಲಿತ್ತು. ಇಲ್ಲದಿದ್ದರೆ ಇಳಿಯುವ ಮುಂಚೆಯೇ ಎದ್ದು ನೆಟ್ಟಗೆ ಆ ಅಂಗಡಿಗೇ ಹೋಗುತ್ತಿದ್ದೆ. ಮನೆಯಲ್ಲಿ ಒಬ್ಬನೇ ಇದನ್ನು ಮಾಡುವುದು ಅಪಾಯ ಅನ್ನುವುದು ಇದಕ್ಕೇ.

ನಿಮ್ಮ ತಮ್ಮನ ಅಡ್ಡಾ ಅವನ ಜೇಬಿನಲ್ಲೇ ಇದೆ. ಟಾಸ್ ಹೊತ್ತಿಗೆ ಬುಕ್ಕಿಯ ಮೆಸೇಜು, ದುಡ್ಡು ಬಂದಾಗಿನ ಯುಪಿಐ ಸದ್ದು. ಮೊದಲು ಆ ಯುಪಿಐ ತೆಗೆಸಿ, ಸಂಬಳ ಮನೆಯವರ ಕೈಗೆ ಬರಲಿ. ಸಾಲವೆಲ್ಲ ಒಂದೇ ಹಾಳೆಯಲ್ಲಿ ಬರೆಸಿ. ಆದರೆ ಸುಮ್ನೆ ತೀರಿಸಿಬಿಡಬೇಡಿ. ನಮ್ಮಪ್ಪ ಎರಡು ಸಲ ತೀರಿಸಿದರು, ನನಗೆ ಮತ್ತೆ ಸಾಲ ಸಿಗುವಂತಾಯಿತು ಅಷ್ಟೇ.

ಆಮೇಲೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. 'ಜೂಜಿಗೂ ಡಾಕ್ಟರಾ?' ಅಂತ ಅವನು ನಗಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಜೂಜನ್ನು ಕುಡಿತ, ಡ್ರಗ್ಸ್ ಇರುವ ಚಟಗಳ ಸಾಲಿಗೆ ಸೇರಿಸಿದೆ. ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಅವನ ಬಾಯಲ್ಲಿ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಬೈಕಿನ ಲೆಕ್ಕ ಆಮೇಲೆ ಕೇಳಿ. ಈಗ ಅವನು ಯಾವ ಹೊತ್ತಿಗೆ, ಎಲ್ಲಿ ಕೂತು, ಯಾರ ಜೊತೆ ಆಡುತ್ತಾನೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ.