ಇರುವೆ ಗೂಡನ್ನು ಊರಿಗೆ ಹೋಲಿಸುವ ಪಾಠ

ಮೇಡಂ, ಶ್ರೀನಿವಾಸಪುರದ ನಾಲ್ಕನೇ ತರಗತಿಯ ಮಕ್ಕಳಿಗೆ ಇರುವೆ ಗೂಡನ್ನು ಊರಿಗೆ ಹೋಲಿಸುವಾಗ ‘ರಾಣಿ ಎಂದರೆ ಪಂಚಾಯಿತಿ ಅಧ್ಯಕ್ಷೆ’ ಎನ್ನಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ರಾಣಿ ಮೊಟ್ಟೆಯಿಡುತ್ತದೆ, ಯಾರಿಗೂ ಅಪ್ಪಣೆ ಕೊಡುವುದಿಲ್ಲ.

ನಿಮ್ಮದು ಮಾವಿನ ಸೀಮೆ. ತೋಪಿನಲ್ಲಿ ಕೆಂಪಿರುವೆಗಳ ಎಲೆಗೂಡನ್ನು ದೂರದಿಂದಲೇ ತೋರಿಸಿ (ಕಚ್ಚಿದರೆ ಉರಿ ಜೋರು). ಕೆಲವು ಇರುವೆಗಳು ಸಾಲುಗಟ್ಟಿ ಎಲೆಯಂಚುಗಳನ್ನು ಎಳೆದು ಹಿಡಿಯುತ್ತವೆ. ಬೇರೆಯವು ತಮ್ಮದೇ ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿತ್ತ ಆಡಿಸಿ, ಅವು ಬಿಡುವ ರೇಷ್ಮೆ ಎಳೆಯಿಂದ ಎಲೆಗಳನ್ನು ಬೆಸೆಯುತ್ತವೆ. ರೇಷ್ಮೆ ಹುಳು ಕಂಡ ಕೋಲಾರದ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಇಲ್ಲಿ ಮೇಸ್ತ್ರಿ ಯಾರು ಎಂದು ಅವರೇ ಹುಡುಕಲಿ, ಸಿಗುವುದಿಲ್ಲ.

ಶಾಲೆಯಂಗಳದಲ್ಲಿ ಬೆಲ್ಲವಿಟ್ಟು, ಸಾಲು ಕಟ್ಟಿದ ಮೇಲೆ ದಾರಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇರುವೆಗಳು ದಾರಿಯಲ್ಲಿ ಬಿಟ್ಟ ವಾಸನೆಯನ್ನೇ ಹಿಡಿದು ಸಾಗುತ್ತವೆ, ಅದು ಅಳಿದಲ್ಲಿ ತಡವರಿಸುತ್ತವೆ.

ಹೋಲಿಕೆಗಿಂತ ವ್ಯತ್ಯಾಸಕ್ಕೆ ಹೆಚ್ಚು ಸಮಯ ಕೊಡಿ. ಗೂಡಿನಲ್ಲಿ ದುಡಿಯುವವೆಲ್ಲ ಹೆಣ್ಣು. ರಾಣಿಯೋ ಕೆಲಸಗಾರ್ತಿಯೋ ಎಂಬುದು ಮರಿಯಾಗಿದ್ದಾಗಲೇ ತೀರ್ಮಾನವಾಗಿರುತ್ತದೆ. ಹುಟ್ಟಿದ ಮನೆಯ ಕಸುಬನ್ನೇ ಮಾಡಬೇಕೆಂಬ ಮಾತು ಇರುವೆಯ ನೆಪದಲ್ಲಿ ಯಾವ ಮಗುವಿನ ತಲೆಗೂ ಹೋಗಬಾರದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಗ್ರಾಮಸಭೆಯಲ್ಲಿ ನೀರಿಗಾಗಿ ದೊಡ್ಡವರು ವಾದಿಸುವುದನ್ನು ಮಕ್ಕಳು ಕಂಡಿರುತ್ತಾರೆ. ಇರುವೆಗಳಿಗೆ ಅಂಥ ಸಭೆ ಉಂಟೇ ಎಂದು ಕೇಳಿ, ಅಲ್ಲಿಂದ ಚರ್ಚೆ ತಾನಾಗಿಯೇ ಮುಂದುವರಿಯುತ್ತದೆ.