ಮಾನವ ಹಕ್ಕುಗಳ ಹೆಸರಿನಲ್ಲಿ ವ್ಯಾಪಾರ ರಿಯಾಯಿತಿ ಕಿತ್ತುಕೊಂಡರೆ ಸರ್ಕಾರಗಳು ಬಗ್ಗುತ್ತವೆಯೇ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಸುಂಕದ ರಿಯಾಯಿತಿ ತಪ್ಪಿಸುತ್ತೇವೆ ಎಂದು ಹೆದರಿಸಿದರೆ ಒಂದು ಸರ್ಕಾರ ತನ್ನ ಜನರನ್ನು ನಡೆಸಿಕೊಳ್ಳುವ ರೀತಿ ಬದಲಾಗುತ್ತದೆಯೇ ಎಂಬುದು ಒಂದು. ಇದೆಲ್ಲ ಪಶ್ಚಿಮದವರ ನಾಟಕವಲ್ಲವೇ ಎಂಬುದು ಇನ್ನೊಂದು. ನಾನು ರಾಜತಾಂತ್ರಿಕನಲ್ಲ, ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ರಫ್ತು ವಿಭಾಗದಲ್ಲಿ ಹನ್ನೊಂದು ವರ್ಷ ಕಾಗದಪತ್ರ ನೋಡಿಕೊಂಡಿದ್ದವನು. ಯುರೋಪಿಗೆ ಹೋಗುವ ಮಾಲಿಗೆ ‘ಫಾರ್ಮ್ ಎ’ ಎಂಬ, ಮಾಲು ಯಾವ ದೇಶದ್ದೆಂದು ಹೇಳುವ ಪ್ರಮಾಣಪತ್ರ ತುಂಬುವುದು ನನ್ನ ಕೆಲಸವಾಗಿತ್ತು. ಆ ಹಾಳೆ ಜೊತೆಗಿದ್ದರೆ ನಮ್ಮ ಅಂಗಿಗೆ 12%ರ ಬದಲು 9.6% ಸುಂಕ. ನೀವು ಕೇಳುತ್ತಿರುವ ವಿಷಯ ನನಗೆ ಗೊತ್ತಾದದ್ದು ಈ ಅಂಕಿಗಳ ಮೂಲಕ.

ಶ್ರೀಲಂಕಾದ ಅಂಗಿಗೆ ಅದೇ ಬಂದರಿನಲ್ಲಿ ಸುಂಕ ಸೊನ್ನೆ. ಮಾನವ ಹಕ್ಕು, ಕಾರ್ಮಿಕ ಹಕ್ಕು, ಪರಿಸರ, ಆಡಳಿತ ಕುರಿತ 27 ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಹಿ ಹಾಕಿ, ಅವುಗಳನ್ನು ಪಾಲಿಸುವ ದೇಶಗಳಿಗೆ ಯುರೋಪಿಯನ್ ಒಕ್ಕೂಟ ಕೊಡುವ ‘ಜಿಎಸ್‌ಪಿ ಪ್ಲಸ್’ ಎಂಬ ಸವಲತ್ತು ಅವರಿಗೆ 2005ರಲ್ಲಿ ದಕ್ಕಿತ್ತು. ಒಂದು ಟೀ ಶರ್ಟಿನ ಲಾಭವನ್ನು ಪೈಸೆಗಳಲ್ಲಿ ಎಣಿಸುವ ದಂಧೆಯಲ್ಲಿ ಇಷ್ಟು ಅಂತರ ಬಹಳ ದೊಡ್ಡದು.

ಈ ಸವಲತ್ತು ಹುಟ್ಟಿದ ಕಥೆಯಲ್ಲಿ ನಮ್ಮ ಕೈಯೂ ಇದೆ. ಅದಕ್ಕೂ ಮೊದಲು, ಮಾದಕ ವಸ್ತುಗಳ ವಿರುದ್ಧ ಹೋರಾಡುವ ದೇಶಗಳಿಗೆಂದು ಯುರೋಪ್ ಒಂದು ವಿಶೇಷ ರಿಯಾಯಿತಿ ಕೊಡುತ್ತಿತ್ತು. 2002ರಲ್ಲಿ ಆ ಪಟ್ಟಿಗೆ ಪಾಕಿಸ್ತಾನ ಸೇರಿದಾಗ ಭಾರತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿತು. 2004ರಲ್ಲಿ ಬಂದ ತೀರ್ಪು ಇಷ್ಟು: ಬಡ ದೇಶಗಳ ನಡುವೆ ವ್ಯತ್ಯಾಸ ಮಾಡಬಹುದು, ಆದರೆ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು. ಯುರೋಪ್ ಹುಡುಕಿದ ಅಳತೆಗೋಲೇ ಆ 27 ಒಪ್ಪಂದಗಳು. ದಾವೆ ಗೆದ್ದವರು ನಾವು. 2014ರಲ್ಲಿ ಪಾಕಿಸ್ತಾನ ಅದೇ ಹೊಸ ಬಾಗಿಲಿನಿಂದ ಒಳಗೆ ಬಂದು ಕುಳಿತಿತು.

ಲಂಕೆಗೆ ಬರೋಣ. ಎಲ್‌ಟಿಟಿಇ ವಿರುದ್ಧದ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 2008ರ ಅಕ್ಟೋಬರಿನಲ್ಲಿ, ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಆಯೋಗ ತನಿಖೆ ಆರಂಭಿಸಿತು. ಮಹಿಂದ ರಾಜಪಕ್ಸ ಸರ್ಕಾರ ಸಹಕರಿಸಲಿಲ್ಲ. ಮರುವರ್ಷ ವರದಿ ಬಂತು: ನಾಗರಿಕ ಹಕ್ಕುಗಳು, ಚಿತ್ರಹಿಂಸೆ, ಮಕ್ಕಳ ಹಕ್ಕುಗಳು, ಈ ಮೂರು ಒಪ್ಪಂದಗಳು ಕಾಗದದಲ್ಲಿವೆ, ಜಾರಿಯಲ್ಲಿಲ್ಲ. 2010ರ ಜೂನಿನಲ್ಲಿ ಕೊನೆಯ ಅವಕಾಶವಾಗಿ, 15 ಅಂಶಗಳ ಬಗ್ಗೆ ಬರಹದಲ್ಲಿ ಮಾತು ಕೊಟ್ಟರೆ ಆರು ತಿಂಗಳು ಮುಂದುವರಿಸುತ್ತೇವೆ ಎಂದರು. ಸಾರ್ವಭೌಮತ್ವದ ಪ್ರಶ್ನೆ ಎಂದು ಕೊಲಂಬೊ ಅದನ್ನೂ ತಳ್ಳಿಹಾಕಿತು. 2010ರ ಆಗಸ್ಟ್ 15ರಿಂದ ಶೂನ್ಯ ಸುಂಕ ಹೋಯಿತು. ಅವರ ಅಂಗಿಯೂ ನಮ್ಮದರಂತೆ 9.6%ಕ್ಕೆ ಬಂದು ನಿಂತಿತು.

ಆ ವಾರ ನಮ್ಮ ಕಾರ್ಖಾನೆಯಲ್ಲಿ ಸಂಭ್ರಮ. ಮಾಲೀಕರು ಕಚೇರಿಯವರಿಗೆಲ್ಲ ಮೈಸೂರು ಪಾಕ್ ತರಿಸಿದ್ದರು. ಹೇಳಲು ಈಗ ನಾಚಿಕೆಯಾಗುತ್ತದೆ, ನಾನೂ ಎರಡು ತುಂಡು ತಿಂದೆ. ತನಿಖೆ ನಡೆದದ್ದು ಯಾರ ಸಾವುನೋವಿನ ಬಗ್ಗೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕಾದಿದ್ದ ಆರ್ಡರ್‌ಗಳೂ ಬರಲಿಲ್ಲ. ಅವು ಢಾಕಾಕ್ಕೆ ಹೋದವು ಎಂದು ನಮ್ಮ ಏಜೆಂಟ್ ಹೇಳಿದ. ಅತಿ ಹಿಂದುಳಿದ ದೇಶ ಎಂಬ ಕಾರಣಕ್ಕೆ ಬಾಂಗ್ಲಾದೇಶಕ್ಕೆ ಆಗಲೂ ಶೂನ್ಯ ಸುಂಕವೇ ಇತ್ತು.

ರಾಜಪಕ್ಸ ಬಗ್ಗಿದರೇ? ಇಲ್ಲ. ಲಂಕೆಯ ಉಡುಪು ರಫ್ತೂ ಕುಸಿಯಲಿಲ್ಲ. ದೊಡ್ಡ ಕಂಪನಿಗಳು ಹೊಡೆತ ತಡೆದುಕೊಂಡವು. ಸರ್ಕಾರ ಬದಲಾದದ್ದು 2015ರ ಜನವರಿಯಲ್ಲಿ, ಅದೂ ಕುಟುಂಬ ರಾಜಕಾರಣ ಮತ್ತು ಭ್ರಷ್ಟಾಚಾರದಿಂದ ಬೇಸತ್ತ ಮತದಾರರಿಂದ. ಆದರೆ ಹೊಸ ಸರ್ಕಾರಕ್ಕೆ ಸವಲತ್ತು ಮರಳಿ ಬೇಕಿತ್ತು. ಕಾಣೆಯಾದವರನ್ನು ಹುಡುಕುವ ಕಚೇರಿ ಸ್ಥಾಪಿಸಲು 2016ರಲ್ಲಿ ಕಾನೂನು ತಂದಿತು, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಬಿಡುವ 1979ರ ಭಯೋತ್ಪಾದನಾ ತಡೆ ಕಾಯ್ದೆಯನ್ನು ತೆಗೆಯುವುದಾಗಿ ಮಾತು ಕೊಟ್ಟಿತು. 2017ರ ಮೇ ತಿಂಗಳಲ್ಲಿ ಸವಲತ್ತು ಮರಳಿತು, ಕಾಯ್ದೆ ಹಾಗೇ ಉಳಿಯಿತು. ರಾಜಪಕ್ಸ ಕುಟುಂಬ ಮತ್ತೆ ಅಧಿಕಾರಕ್ಕೆ ಬಂದ ಮೇಲೆ, 2021ರಲ್ಲಿ ಯುರೋಪಿಯನ್ ಸಂಸತ್ತು ಸವಲತ್ತಿನ ಮರುಪರಿಶೀಲನೆಯ ಮಾತೆತ್ತಿತು; 2022ರ ಮಾರ್ಚಿನಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ಬಂತು. ಸಣ್ಣ ತಿದ್ದುಪಡಿ, ನಿಜ. ಆದರೂ ಗಮನಿಸಿ: ಕಿತ್ತುಕೊಂಡಾಗ ಏನೂ ಅಲುಗಲಿಲ್ಲ, ಕಿತ್ತುಕೊಂಡೇವು ಎಂದಾಗ ಅಷ್ಟಿಷ್ಟು ಅಲುಗಿತು. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ. ಎತ್ತಿದ ಕೋಲಿಗೆ ಇರುವ ಬಲ ಬೀಸಿದ ಕೋಲಿಗೆ ಇರುವುದಿಲ್ಲ. ಬೀಸಿದ ಮೇಲೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಏಟು ಬೀಳುವುದು ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ.

2013ರ ಏಪ್ರಿಲ್‌ನಲ್ಲಿ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕ ಎರಡೇ ತಿಂಗಳಲ್ಲಿ ಬಾಂಗ್ಲಾದೇಶದ ರಿಯಾಯಿತಿ ಅಮಾನತು ಮಾಡಿ ಸುದ್ದಿಯಾಯಿತು. ಆ ರಿಯಾಯಿತಿಯ ಪಟ್ಟಿಯಲ್ಲಿ ಸಿದ್ಧ ಉಡುಪು ಹೆಚ್ಚುಕಡಿಮೆ ಇರಲೇ ಇಲ್ಲ! ಯುರೋಪ್ ಶೂನ್ಯ ಸುಂಕವನ್ನು ಮುಟ್ಟದೆ, ಮುಟ್ಟಬಹುದು ಎಂಬ ಸೂಚನೆ ಕೊಟ್ಟು ಮಾತುಕತೆಗೆ ಕೂರಿಸಿತು. ಆ ಜುಲೈನಲ್ಲಿ ಅಲ್ಲಿನ ಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಯಿತು.

ದೊಡ್ಡ ದೇಶದ ಮುಂದೆ ಕೋಲು ಎತ್ತುವುದೇ ಕಷ್ಟ. ಮಾನವ ಹಕ್ಕುಗಳ ಸ್ಥಿತಿ ಸುಧಾರಿಸಿದರೆ ಮಾತ್ರ ಚೀನಾಕ್ಕೆ ‘ಅತ್ಯಂತ ಆಪ್ತ ರಾಷ್ಟ್ರ’ದ ಸುಂಕ (ಹೆಸರು ಹಾಗಿದ್ದರೂ ಬಹುತೇಕ ದೇಶಗಳಿಗೆ ಸಿಗುವ ಸಾಮಾನ್ಯ ಸುಂಕ) ಎಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ 1993ರ ಮೇ ತಿಂಗಳಲ್ಲಿ ಆದೇಶಿಸಿದರು. ಒಂದೇ ವರ್ಷ. 1994ರ ಮೇನಲ್ಲಿ ಅವರೇ ಆ ಗಂಟು ಬಿಚ್ಚಿದರು.

ಇನ್ನು ನಾಟಕದ ಮಾತು. ಕಾರ್ಮಿಕ ಹಕ್ಕಿನ ಹೆಸರಿನಲ್ಲಿ ಶ್ರೀಮಂತ ದೇಶಗಳು ತಮ್ಮ ಕಾರ್ಖಾನೆಗಳಿಗೆ ಬೇಲಿ ಹಾಕಿಕೊಳ್ಳುತ್ತವೆ ಎಂದು ವಿಶ್ವ ವ್ಯಾಪಾರ ಸಂಸ್ಥೆಯ 1996ರ ಸಿಂಗಪುರ ಸಮ್ಮೇಳನದಲ್ಲಿ ಭಾರತವೇ ವಾದಿಸಿತ್ತು. ಆ ಭಯ ಸುಳ್ಳಲ್ಲ. ಆದರೆ ದಕ್ಷಿಣ ಆಫ್ರಿಕಾದ ಭಾರತೀಯರ ಮೇಲಿನ ತಾರತಮ್ಯ ಪ್ರತಿಭಟಿಸಿ, 1946ರಲ್ಲಿ ಬೇರೆಲ್ಲ ದೇಶಗಳಿಗಿಂತ ಮೊದಲು ಆ ದೇಶದೊಂದಿಗೆ ವ್ಯಾಪಾರ ಕಡಿದುಕೊಂಡದ್ದೂ ಭಾರತವೇ. ಅದನ್ನು ನಾವು ನಾಟಕ ಎನ್ನುವುದಿಲ್ಲ.

ಈಗ ದಾರಿ ಬದಲಾಗುತ್ತಿದೆ. ದೇಶಕ್ಕೆ ಕೊಟ್ಟ ಸವಲತ್ತು ಹಿಂಪಡೆಯುವ ಬದಲು ಸರಕನ್ನೇ ಬಂದರಿನಲ್ಲಿ ತಡೆಯುವುದು. ಅಮೆರಿಕದ ಉಯ್ಗುರ್ ಕಾಯ್ದೆ 2022ರ ಜೂನ್ 21ರಿಂದ ಜಾರಿಯಲ್ಲಿದೆ. ಸರಕಿನ ಯಾವುದೇ ಭಾಗ ಉಯ್ಗುರ್ ಮುಸ್ಲಿಮರ ನೆಲೆಯಾದ ಚೀನಾದ ಷಿನ್‌ಜಿಯಾಂಗ್‌ನದಾಗಿದ್ದರೆ ಅದು ಬಲವಂತದ ದುಡಿಮೆಯಿಂದ ಬಂದದ್ದೆಂದೇ ಭಾವಿಸಲಾಗುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಆಮದುದಾರನದು. ಅವನು ಆ ಹೊಣೆಯನ್ನು ಹೊಲಿಯುವವರಿಗೆ ದಾಟಿಸುತ್ತಾನೆ. ನನ್ನ ಹಳೆಯ ಕುರ್ಚಿಯಲ್ಲಿ ಈಗ ಕೂರುವ ಹುಡುಗಿ ‘ಫಾರ್ಮ್ ಎ’ ಕಂಡೇ ಇಲ್ಲ. ನೂಲು ಯಾವ ಗಿರಣಿಯದು, ಹತ್ತಿಯ ಬೇಲ್ ಯಾವ ಜಿನ್ನಿಂಗ್ ಮಿಲ್ಲಿನಿಂದ ಬಂತು ಎಂದು ಫೋನಿನಲ್ಲಿ ಕೇಳುತ್ತಾ ಅವಳ ಅರ್ಧ ದಿನ ಕಳೆಯುತ್ತದಂತೆ.